ಮಹಡಿ ಮೇಲಿನ ಕಣ

ಹೊಸ ಕಟ್ಟಡದ ಟೇಪು ಕತ್ತರಿಸಲು ನೂರು ಜನ ಮುಂದೆ ಬರುತ್ತಾರೆ. ಅದೇ ಕಟ್ಟಡ ಸೋರಲು ಶುರುವಾದರೆ ನರಪಿಳ್ಳೆಯೂ ಇರುವುದಿಲ್ಲ. ಆಗ ನೆನಪಾಗುವುದು ಅಕ್ಷತ. ದೊಡ್ಡಬಳ್ಳಾಪುರ ತಾಲ್ಲೂಕಿನ ಅರ್ಧದಷ್ಟು ಸರ್ಕಾರಿ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ದುರಸ್ತಿಯನ್ನು ಅವಳ ಕೊರಳಿಗೆ ಕಟ್ಟಿದ್ದರು. ಎಂಜಿನಿಯರಿಂಗ್ ಓದುವಾಗ ಸೇತುವೆ ಕಟ್ಟುವ ಕನಸು ಕಂಡಿದ್ದವಳು ಈಗ ಬೆಳಗಾದರೆ ಮುಚ್ಚದ ಕಿಟಕಿ, ನಿಲ್ಲದ ನಲ್ಲಿ, ಚಿಲಕ ಕಿತ್ತುಹೋದ ಕಕ್ಕಸು ಇವುಗಳ ಫೋನೇ ಎತ್ತುತ್ತಿದ್ದಳು. ಇದಕ್ಕಾ ನಾನು ಓದಿದ್ದು ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಗೋಳುಹೊಯ್ದುಕೊಂಡದ್ದು ಹುಣಸೇಕಟ್ಟೆಯ ಆಸ್ಪತ್ರೆ. ದೊಡ್ಡಬೆಳವಂಗಲ ದಾಟಿ ಒಳಕ್ಕೆ ಹೋದರೆ ಸಿಗುವ ಊರು. ಅಲ್ಲಿನ ಕೋಣೆಗಳಲ್ಲಿ ಸೋರುತ್ತಿದ್ದದ್ದು ಹೆರಿಗೆ ಕೋಣೆಯೊಂದೇ, ಅದೂ ಸರಿಯಾಗಿ ಹೆರಿಗೆ ಮಂಚದ ಮೇಲೆಯೇ. ಮಿಕ್ಕ ಕೋಣೆಗಳಲ್ಲಿ ಒಂದು ಹನಿಯೂ ಇಲ್ಲ. ಆ ತಾರಸಿಗೆ ಬಾಣಂತಿಯರ ಮೇಲೆ ಅದೇನು ಹಗೆಯೋ! ಮಳೆಗಾಲದಲ್ಲಿ ಸೋರಿದರೆ ದೂರು ಬರುತ್ತದೆ, ದೂರಿನ ಮೇಲೆ ಅಂದಾಜುಪಟ್ಟಿ ಹೋಗುತ್ತದೆ, ಮಂಜೂರಾತಿ ತೆವಳಿಕೊಂಡು ಬರುವಷ್ಟರಲ್ಲಿ ಮಳೆ ನಿಂತು ಹೊಲದಲ್ಲಿ ರಾಗಿ ಕೊಯ್ಲಾಗಿರುತ್ತದೆ. ಆಮೇಲೆ ಗುತ್ತಿಗೆದಾರ ಮಂಜೇಶ್ ಬಂದು ತಾರಸಿಗೆ ನೀರು ತಡೆಯುವ ಬಿಳಿ ಲೇಪ ಬಳಿದು, ಕೆಳಗೆ ಗಾರೆ ಮೆತ್ತಿ, ಬಣ್ಣ ಹೊಡೆದು ಹೋಗುತ್ತಾನೆ. ಸೋರುವುದು ನಿಂತಿತೆಂದು ಎಲ್ಲರಿಗೂ ನೆಮ್ಮದಿ. ನಿಲ್ಲದೆ ಏನು, ಮಳೆಯೇ ಇಲ್ಲವಲ್ಲ! ಮುಂದಿನ ಮಳೆಗೆ ಮತ್ತೆ ಅದೇ ಜಾಗ, ಅದೇ ಮಂಚ, ಅದೇ ಬೈಗುಳ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಗಾರೆಯ ದೊಡ್ಡ ಹಕ್ಕಳೆಯೊಂದು ಮಂಚದ ಮೇಲೆ ಬಿದ್ದು ಕೋಣೆಗೆ ಬೀಗ ಜಡಿಯಬೇಕಾಯಿತು. ಅದೇ ವಾರ ಊರಿನ ಗೋಪಾಲಪ್ಪನ ಸೊಸೆ ನವ್ಯಶ್ರೀಗೆ ನೋವು ಕಾಣಿಸಿಕೊಂಡಿತು. ದೊಡ್ಡಬಳ್ಳಾಪುರ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಹೆರಿಗೆಯಾಗಿ, ತಾಯಿ ಮಗು ಇಬ್ಬರೂ ಸಾವಿನ ಬಾಗಿಲು ತಟ್ಟಿ ಬಂದರು. ಈಗ ಆ ಹುಡುಗಿ ಮತ್ತೆ ಬಸುರಿ. ದಿನ ತುಂಬುವುದು ಬೇಸಿಗೆಯ ಗುಡುಗು ಮಳೆ ಶುರುವಾಗುವ ಹೊತ್ತಿಗೆ. ಇನ್ನೊಂದು ಸಲ ಸೋರಿದರೆ ಈ ಊರಿನಿಂದ ಹೆರಿಗೆ ಕೋಣೆಯನ್ನೇ ಎತ್ತಿಬಿಡುತ್ತೇವೆ ಎಂದು ಆರೋಗ್ಯ ಇಲಾಖೆಯವರು ಹೇಳಿಯಾಗಿತ್ತು.

ಹಾಗಾಗಿಯೇ ಈ ಸಲ, ಎಂದೂ ಇಲ್ಲದ ಹಾಗೆ, ಅಕ್ಷತ ಸಂಕ್ರಾಂತಿ ಕಳೆದ ಮೇಲೆ ಹುಣಸೇಕಟ್ಟೆಗೆ ಬಂದಳು. ನರ್ಸ್ ಮುನಿರತ್ನಮ್ಮ ಹೆರಿಗೆ ಕೋಣೆಯ ಬೀಗ ತೆಗೆದು, ತಿಂಗಳ ತಪಾಸಣೆಗೆ ಬಂದಿದ್ದ ನವ್ಯಶ್ರೀಯನ್ನು ಅದೇ ಮಂಚದ ಮೇಲೆ ಮಲಗಿಸಿದ್ದರು. ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅಕ್ಷತ ತಲೆಯೆತ್ತಿ ಸೂರು ನೋಡಿದಳು. ಒಂದು ಬಿರುಕೂ ಇಲ್ಲ. ಅಬ್ಬ, ಎಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ದಬ್ ದಬ್ ಎಂದು ಸದ್ದಾಯಿತು.

"ಏನದು ಸದ್ದು?"

"ಕಣ ಮೇಡಂ," ಎಂದರು ಮುನಿರತ್ನಮ್ಮ, ನವ್ಯಶ್ರೀಯ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ. "ರಾಗಿ ಬಡೀತಾವ್ರೆ."

"ಎಲ್ಲಿ? ನಮ್ಮ ತಾರಸಿ ಮೇಲಾ?"

"ಹೂಂ, ಪ್ರತಿ ವರ್ಷ ಬಡೀತಾರಲ್ಲ."

"ಇಷ್ಟು ವರ್ಷದಿಂದ ನಂಗೆ ಯಾಕೆ ಹೇಳಲಿಲ್ಲ ನೀವು?"

"ನೀವು ಸೋರೋದು ಕೇಳಿದ್ರಿ, ಹೇಳ್ದೆ. ಕಣದ ವಿಚಾರ ಯಾವತ್ತು ಕೇಳಿದ್ರಿ?"

ಇಂಥ ಉತ್ತರಕ್ಕೆ ತಲೆ ಚಚ್ಚಿಕೊಳ್ಳಬೇಕೇ ಹೊರತು ಬೇರೇನೂ ಮಾಡುವಂತಿಲ್ಲ. ಅಕ್ಷತ ದಡದಡ ಹೊರಗಿನ ಮೆಟ್ಟಿಲು ಹತ್ತಿದಳು.

ಮೇಲೆ ನೋಡಿದರೆ ಅವಳ ಬಿಳಿ ಲೇಪ ಎಲ್ಲಿದೆ? ತಾರಸಿಯಿಡೀ ಸಗಣಿ ಹಾಕಿ ಅಚ್ಚುಕಟ್ಟಾಗಿ ಸಾರಿಸಿದ್ದರು. ತೆನೆಯ ರಾಶಿ ಹರಡಿತ್ತು. ನಾಲ್ಕಾರು ಜನ ದೊಣ್ಣೆ ಹಿಡಿದು ಬಡಿಯುತ್ತಿದ್ದರು. ಎಲ್ಲದರ ನಟ್ಟನಡುವೆ ಒಂದು ಮರದ ಕಂಬ ಜಗ್ಗದೆ ನಿಂತಿತ್ತು. ತುದಿಗೆ ರಾಗಿ ತೆನೆ, ಬುಡದಲ್ಲಿ ಗರಿಕೆ ಸಿಕ್ಕಿಸಿಕೊಂಡ ಸಗಣಿ ಬೆನಕ. ಅಕ್ಷತ ನಾಲ್ಕು ಹೆಜ್ಜೆ ಹಾಕಿ ಲೆಕ್ಕ ಹಾಕಿದಳು. ಕಂಬ ನಿಂತಿದ್ದದ್ದು ಸರಿಯಾಗಿ ಹೆರಿಗೆ ಮಂಚದ ಮೇಲೆ.

"ಬನ್ನಿ ಬನ್ನಿ ಮೇಡಂ, ಪೂಜೆ ಟೈಮ್‌ಗೇ ಬಂದ್ರಿ," ಎಂದು ಗೋಪಾಲಪ್ಪ ದೊಣ್ಣೆ ಬದಿಗಿಟ್ಟ. "ಚಪ್ಪಲಿ ಒಂಚೂರು ಅಲ್ಲೇ ಬಿಡಿ."

"ಏನ್ರೀ ಇದು? ಆಸ್ಪತ್ರೆ ಮೇಲೆ ಕಂಬ ನೆಟ್ಟಿದೀರಾ?" ಅಕ್ಷತ ಚಪ್ಪಲಿಯಲ್ಲೇ ಮುಂದೆ ಬಂದಳು.

"ಮೇಟಿ ಮೇಡಂ. ಮೇಟಿ ಇಲ್ದೆ ಕಣ ಆಗುತ್ತಾ?"

"ಕಣ ಹೊಲದಲ್ಲಿ ಮಾಡ್ಕೊಳ್ರಿ!"

"ನಮ್ಮ ಕಣ ಇದೇ ಜಾಗದಲ್ಲಿತ್ತು. ಆಸ್ಪತ್ರೆ ಕಟ್ಟಕ್ಕೆ ಅಂತ ನಮ್ಮಪ್ಪ ಬಿಟ್ಟುಕೊಟ್ರು. ಕಣ ಎಲ್ಲೂ ಹೋಗಿಲ್ಲ ಮೇಡಂ, ಒಂದು ಮಹಡಿ ಮೇಲಕ್ಕೆ ಬಂದೈತೆ ಅಷ್ಟೇ. ಮಿಕ್ಕಿದ ರಾಗಿ ಎಲ್ಲ ಮಿಷನ್‌ಗೇ ಹಾಕೋದು. ಮೊದಲನೇ ರಾಶಿ ಮಾತ್ರ ಇಲ್ಲೇ ಆಗ್ಬೇಕು, ನಮ್ಮವ್ವ ಬಿಡಲ್ಲ. ತೆನೆ ಮೇಲೆ ಉರುಳ್ಸೋ ರೋಣಗಲ್ಲು ಹತ್ಸಕ್ಕೆ ಆಗ್ಲಿಲ್ಲ, ಅದಕ್ಕೆ ಬಡೀತೀವಿ."

ರೋಣಗಲ್ಲು ಹತ್ತಿಸದೆ ಬಿಟ್ಟದ್ದಕ್ಕೆ ಕೈಮುಗಿಯಬೇಕೇನೋ! "ಕಂಬ ಹೆಂಗೆ ನಿಲ್ಲಿಸಿದ್ರಿ?"

"ಹಾರೇಲಿ ಗುಂಡಿ ತೋಡಿ. ಹೊಸದಾಗಿ ಎಲ್ಲೆಲ್ಲೋ ತೋಡಲ್ಲ, ಪ್ರತಿ ವರ್ಷ ಅದೇ ಗುಂಡಿ. ಕಣ ಮುಗಿದ ಮೇಲೆ ಮಣ್ಣು, ಸಗಣಿ ಕಲಸಿ ನಾವೇ ನೀಟಾಗಿ ಮುಚ್ತೀವಿ. ಸರ್ಕಾರದ ಕಟ್ಟಡ ಕೆಡಬಾರದಲ್ವಾ?"

ಅಂದರೆ ಪ್ರತಿ ವರ್ಷ ಮಂಜೇಶ್ ಆ ಮಣ್ಣಿನ ಬಿರಡೆಯ ಮೇಲೆಯೇ ಲೇಪ ಬಳಿದು ಹೋಗಿದ್ದ, ಇವರು ಪ್ರತಿ ವರ್ಷ ಅದನ್ನು ಒಡೆದಿದ್ದರು, ಅವಳು ಪ್ರತಿ ವರ್ಷ ಮಳೆಯನ್ನು ಬೈದಿದ್ದಳು. ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯದೆ ಅವಳು ಎಲ್ಲರ ಮೇಲೂ ಕೂಗಾಡಿದಳು. ಕೇಸು ಹಾಕಿಸುತ್ತೇನೆ ಎಂದಳು. ಗೋಪಾಲಪ್ಪನೂ ದನಿ ಏರಿಸಿ, "ಹಾಕ್ಸಿ, ನಮ್ಮಪ್ಪ ಕೊಟ್ಟ ಜಾಗದಲ್ಲಿ ನಮ್ಮ ಮೇಲೇ ಕೇಸಾ?" ಎಂದ.

ನೆರಳಲ್ಲಿ ಕೂತಿದ್ದ ಅವನ ತಾಯಿ ಅಮ್ಮಯಮ್ಮ ಕೈಯೆತ್ತಿದರು. "ಸುಮ್ಕಿರ್ಲಾ. ಕಣದಲ್ಲಿ ಜಗಳ ಆಡ್ತಾರಾ? ಬಾ ಮಗ, ಕಣಕ್ಕೆ ಬಂದೋರ್ನ ಬರಿಗೈಲಿ ಕಳ್ಸಬಾರ್ದು. ಸೆರಗು ಒಡ್ಡು, ರಾಗಿ ಹಾಕ್ತೀನಿ."

"ರಾಗಿ ಬೇಡ ಅಜ್ಜಿ."

"ಮತ್ತೇನ್ ಬೇಕು ಕೇಳು. ರಾಶಿ ಎತ್ತೋವರೆಗೂ ಕಣದ ಮೇಲೆ ನಿಂತು ಯಾರೂ 'ಇಲ್ಲ' ಅನ್ನಂಗಿಲ್ಲ."

ಅಕ್ಷತ ಬೆನಕನ ಪಕ್ಕದಲ್ಲಿದ್ದ ಚೊಂಬು ತೆಗೆದುಕೊಂಡು ಕಂಬದ ಬುಡಕ್ಕೆ ನೀರು ಸುರಿದಳು. ನೀರು ಗುಟುಕು ಗುಟುಕಾಗಿ ಇಂಗಿಹೋಯಿತು. ಪಕ್ಕದ ಬಿಂದಿಗೆಯಿಂದ ತುಂಬಿಸಿ ಇನ್ನೊಂದು ಚೊಂಬು ಸುರಿದಳು. ಗೋಪಾಲಪ್ಪ ತಡೆಯಲು ಬಂದವನು ತಾಯಿಯ ಮುಖ ನೋಡಿ ಹಿಂದೆ ಸರಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮುನಿರತ್ನಮ್ಮನ ಕಿರುಚು ಕೇಳಿಸಿತು. "ಅಯ್ಯೋ, ಸೋರ್ತಾ ಐತೆ! ಏಳು ನವ್ಯ, ಮೈಮೇಲೆ ಬೀಳ್ತಾ ಐತೆ, ಏಳು!"

ಅಮ್ಮಯಮ್ಮನ ಬಾಯಿ ತೆರೆದೇ ಉಳಿಯಿತು. "ನಮ್ ನವ್ಯನಾ ಕೆಳಗಿರೋದು?"

"ಹೌದು ಅಜ್ಜಿ. ಆ ಮಂಚದ ಮೇಲೆ ಹೆರಬೇಕಾಗಿದ್ದೋಳು ಆಂಬುಲೆನ್ಸಲ್ಲಿ ಹೆತ್ತಳು. ಈ ಸಲಾನೂ ಸೋರಿದ್ರೆ ಮಂಚಾನೂ ಇರಲ್ಲ, ಕೋಣೇನೂ ಇರಲ್ಲ." ಅಕ್ಷತಳ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಸುಸ್ತಷ್ಟೇ ಇತ್ತು. "ಕೇಳು ಅಂದ್ರಲ್ಲ, ಕೇಳ್ತೀನಿ. ಈ ಕಣ ಕೊಡಿ."

ಅಮ್ಮಯಮ್ಮ ಗೋಡೆ ಹಿಡಿದು ಎದ್ದು ಬಂದು ಮೇಟಿಗೆ ಕೈ ಹಚ್ಚಿ ನಿಂತರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಅದಕ್ಕೆ ಅರಿಶಿನ ಕುಂಕುಮ ಇಟ್ಟವರು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ನನ್ ಮೊಮ್ಮಗನ ಹೆಂಡ್ತಿ ನೆತ್ತಿ ಮೇಲೆ ನಾನೇ ಮೇಟಿ ನೆಡ್ಸಿದ್ನಾ," ಎಂದರು ಯಾರಿಗೂ ಅಲ್ಲದ ಹಾಗೆ. ಆಮೇಲೆ ಅಕ್ಷತಳ ಕಡೆ ತಿರುಗಿದರು. "ಕೊಟ್ಟೆ ಮಗ. ಒಂದ್ಸಲ ನೆಲ ಕೊಟ್ವಿ, ಈಗ ಮೇಲಿಂದೂ ತಗೋ. ಕೀಳ್ಲಾ ಗೋಪಾಲ."

"ಮುಂದಿನ ವರ್ಷ ಎಲ್ಲವ್ವ?"

"ಮೊದ್ಲು ಕೀಳು."

ಕಂಬ ಬಂತು. ಗುಂಡಿಯೊಳಗೆ ಕಬ್ಬಿಣದ ಸರಳು ತುಕ್ಕು ಹಿಡಿದು ಕೆಂಪಾಗಿ ಕಾಣುತ್ತಿತ್ತು. ಈಗಲೇ ಸುತ್ತಲಿನ ಸಡಿಲ ಗಾರೆ ಬಿಡಿಸಿ, ತೊಳೆದು, ಗಟ್ಟಿ ಕಾಂಕ್ರೀಟು ತುಂಬಬೇಕು. ತಡ ಮಾಡಿದಷ್ಟೂ ಸ್ಲ್ಯಾಬು ತಿಂದುಹೋಗುತ್ತದೆ. ಅಕ್ಷತ ಅಲ್ಲೇ ನಿಂತು ಕಚೇರಿಗೆ ಫೋನು ಮಾಡಿ, ಮೇಲಧಿಕಾರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅಲ್ಲಮ್ಮ, ಡಿಸೆಂಬರಲ್ಲಿ ತಾನೇ ರಿಪೇರಿ ಆಗಿದ್ದು? ಮತ್ತೆ ದುಡ್ಡು ಕೇಳಿದ್ರೆ ಮೇಲಿನವ್ರು ನನ್ನನ್ನೇ ಕೇಳ್ತಾರೆ. ಮಳೆ ಬರ್ಲಿ, ಸೋರ್ಲಿ, ಫೋಟೋ ತೆಗೆದು ಕಳ್ಸಿ, ಆಮೇಲೆ ನೋಡೋಣ."

"ಅಷ್ಟರಲ್ಲಿ ಹೆರಿಗೆ ಕೋಣೆ ಎತ್ತಿಬಿಡ್ತಾರೆ ಸಾರ್."

"ಎತ್ತಲಿ ಬಿಡಿ. ನಮಗೂ ರಿಪೇರಿ ತಪ್ಪುತ್ತೆ. ಈಗಂತೂ ಇಲ್ಲ."

ಫೋನು ಕಟ್ಟಾಯಿತು. ಇಷ್ಟು ಹೊತ್ತು ಹಳ್ಳಿಯವರ ಮೇಲೆ ಎಗರಾಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ತಲೆಮಾರುಗಳ ಕಣವನ್ನು ಈ ಅಜ್ಜಿ ನಿಂತ ನಿಲುವಿನಲ್ಲಿ ಕೊಟ್ಟಿದ್ದರು. ತನ್ನ ಕಚೇರಿಯಿಂದ ಒಂದು ಬಾಣಲಿ ಕಾಂಕ್ರೀಟು ಹುಟ್ಟುವ ಹಾಗಿರಲಿಲ್ಲ.

"ಏನಂದ್ರು ಮಗ ನಿಮ್ ಸಾಯೇಬ್ರು?" ಎಂದರು ಅಮ್ಮಯಮ್ಮ. ದೊಣ್ಣೆ ಹಿಡಿದವರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು. ಮೆಟ್ಟಿಲ ತುದಿಯಲ್ಲಿ ನವ್ಯಶ್ರೀ ಒದ್ದೆ ಸೀರೆಯಲ್ಲೇ ಬಂದು ನಿಂತಿದ್ದಳು. ರಾಶಿ ಇನ್ನೂ ಎತ್ತಿರಲಿಲ್ಲ.

ಅಕ್ಷತ ಕಾಲಿನಿಂದ ಚಪ್ಪಲಿ ಕಳಚಿ ಆಚೆಗೆ ಸರಿಸಿದಳು.

"ಆಯ್ತು ಅಂದ್ರು ಅಜ್ಜಿ," ಎಂದಳು. ನಂತರ ಮಂಜೇಶನಿಗೆ ಫೋನು ಮಾಡಿ, ಸಿಮೆಂಟು, ಜಲ್ಲಿ ತೆಗೆದುಕೊಂಡು ಈಗಲೇ ಹುಣಸೇಕಟ್ಟೆಗೆ ಹೊರಡು ಎಂದಳು.

"ಆರ್ಡರ್ ಆಗಿದ್ಯಾ ಮೇಡಂ? ಆರ್ಡರ್ ಇಲ್ದೆ ಹೆಂಗೆ..."

"ಮಂಜೇಶ್, ನಾನು ಕಣದ ಮೇಲೆ ನಿಂತು ಕೇಳ್ತಿದೀನಿ."

ಅವನೂ ರಾಗಿ ಬೆಳೆಯುವ ಮನೆಯವನೇ.

"ಬಂದೆ ಮೇಡಂ," ಎಂದ.