ಬಸಿದ ಬೇಳೆ ಯಾರ ತಾಟಿಗೆ?

ಬ್ಯಾಡಗಿಯ ಹಾಜಿರಾಬಿಗೆ ಮೊಮ್ಮಗಳೆಂದರೆ ಜೀವ. ಸೊಸೆ ಫರ್ಹಾನಾ ಬೆಳಗಾದರೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಎರಡು ವರ್ಷದ ದಿಲನಾಜಳಿಗೆ ಉಣಿಸುವುದು ಅಜ್ಜಿಯ ಕೆಲಸ. ಬೇಳೆ ಕುದಿಸಿ, ಬಸಿದು, ಆ ತಿಳಿ ಕಟ್ಟನ್ನು ಅನ್ನಕ್ಕೆ ಕಲಸಿ ಕೂಸಿಗೆ ಕೊಡುತ್ತಿದ್ದಳು. ಬಸಿದುಳಿದ ಬೇಳೆ ದುಡಿಯುವವರಿಗೆ. ಸಾರವೆಲ್ಲ ಕಟ್ಟಿನಲ್ಲೇ ಇಳಿಯುತ್ತದೆ ಎಂಬುದು ಅವಳ ನಂಬಿಕೆ. ಕೋಳಿತತ್ತಿ ಉಷ್ಣ, ಎಣ್ಣೆ ಕೆಮ್ಮು, ಶೇಂಗಾ ಪಿತ್ತ ಎಂದು ಒಂದೊಂದನ್ನೇ ಬಿಡಿಸಿದ್ದಳು. ಪ್ರೀತಿಯಿಂದಲೇ ಬಿಡಿಸಿದ್ದಳು, ಅದೇ ಸಂಕಟ.

ಕೂಸು ಆಡುವುದನ್ನು ಬಿಟ್ಟಿತು. ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿತ್ತು. ಆದರೆ ಕೆನ್ನೆ ತುಂಬಿದ್ದವು, ಪಾದ ದುಂಡಗಾಗಿದ್ದವು. ಮೊಮ್ಮಗಳು ಮೈ ಹಿಡಿದಳು ಎಂದು ಹಾಜಿರಾಬಿ ಓಣಿಯವರೆದುರು ಹೆಮ್ಮೆಪಟ್ಟಳು.

ಎರಡು ತಿಂಗಳಿಂದ ಕೂಸು ತೂಕಕ್ಕೆ ಬಂದಿಲ್ಲವೆಂದು ಅಂಗನವಾಡಿಯ ನಾಗರತ್ನಾ ಮನೆಗೇ ಬಂದಳು. ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬೆರಳು ತೆಗೆದರೂ ಒತ್ತಿದ ತಗ್ಗು, ಆ ಕುಣಿ, ಹಾಗೇ ಉಳಿಯಿತು. ಇನ್ನೊಂದು ಪಾದದಲ್ಲೂ ಹಾಗೇ.

"ಚಾಚಿ, ಇದು ಮೈ ಹಿಡದಿದ್ದಲ್ರಿ. ಬಾವು."

"ಏನ್ ಮಾತಾಡ್ತೀರಿ ಅಕ್ಕೋರ? ದಿನಾ ಬ್ಯಾಳಿಕಟ್ಟು ಕಲಸಿ ಹೊಟ್ಟಿ ತುಂಬ ಅನ್ನ ಉಣಸ್ತೇನಿ. ಉಪಾಸ ಇಟ್ಟೇನೇನು?"

"ಹೊಟ್ಟಿ ತುಂಬೈತ್ರಿ, ಮೈಗೆ ಬೇಕಾದ್ದು ಸಿಕ್ಕಿಲ್ಲ. ಅನ್ನ, ರೊಟ್ಟಿ ಓಡಾಡಾಕ ಕಸುವು ಕೊಡ್ತಾವು. ಮೈ ಬೆಳಿಯಾಕ ಪ್ರೋಟೀನು ಬೇಕು. ಅದು ಬ್ಯಾಳಿ, ಕಾಳು, ತತ್ತಿ, ಹಾಲಿನ್ಯಾಗ ಐತಿ. ಎಣ್ಣಿ, ಶೇಂಗಾದಾಗಿನ ಜಿಡ್ಡೂ ಬೇಕು. ಸಣ್ಣ ಹೊಟ್ಟಿ, ನಾಕ ತುತ್ತು ಹಿಡಿಸ್ತೈತಿ, ಅಷ್ಟರಾಗ ಹೆಚ್ಚು ಕಸುವು ಜಿಡ್ಡಿನಿಂದನ ಬರೋದು. ಮೂರೂ ಬೇಕ್ರಿ. ನೀವು ಕೊಟ್ಟಿದ್ದು ಬರೇ ಅನ್ನ."

"ಬ್ಯಾಳಿ ಸಾರ ಕಟ್ಟಿನ್ಯಾಗ ಇರಂಗಿಲ್ಲೇನ್ರಿ?"

"ರುಚಿ ಇರ್ತೈತಿ ಚಾಚಿ. ಪ್ರೋಟೀನು ಬಹಳಷ್ಟು ಬ್ಯಾಳ್ಯಾಗ ಉಳೀತೈತಿ."

ಹಾಜಿರಾಬಿ ಒಲೆಯ ಕಡೆ ನೋಡಿದಳು. ದಿನಕ್ಕೆ ಎರಡು ಸಲ, ತನ್ನ ಕೈಯಿಂದಲೇ ಬಸಿದಿದ್ದಳು.

"ಈಗ ಲಗೂನ ಬ್ಯಾಳಿ ಹಾಕ್ತೇನಿ, ತತ್ತಿ ಕುದಸ್ತೇನಿ. ಹುಷಾರ ಆಗ್ತಾಳಲ್ರಿ?"

"ಈಗ ಮನ್ಯಾಗ ಆಗೂದಲ್ಲ. ಬಾವು ಬಂದ ಕೂಸಿಗೆ ಒಮ್ಮೆಲೇ ತುಂಬಿ ಉಣಿಸಿದ್ರ ಜೀವಕ್ಕ ಅಪಾಯ. ಹಾವೇರಿ ದವಾಖಾನಿಗೆ ಹೋಗೂಣ, ಏಳ್ರಿ."

ಹಾವೇರಿಯಲ್ಲಿ ಇಂದು ಐದನೆಯ ದಿನ. ಎರಡೆರಡು ತಾಸಿಗೆ ಒಂದಿಷ್ಟು ಹಾಲಿನ ಆಹಾರ ಕುಡಿಸುತ್ತಿದ್ದಾರೆ. ದಿಲನಾಜ ಅಳುವುದೂ ಇಲ್ಲ. ಅಳುವ ಕೂಸನ್ನು ಕಂಡರೆ ಈಗ ಹಾಜಿರಾಬಿಗೆ ಹೊಟ್ಟೆಕಿಚ್ಚು. ಉಳಿಯುತ್ತಾಳೆಯೇ ಎಂದು ಕೇಳಿದರೆ ಡಾಕ್ಟರು, "ಇನ್ನೂ ಹೇಳಾಕ ಬರಂಗಿಲ್ರಿ" ಎನ್ನುತ್ತಾರೆ.

"ನನ್ನ ಕೈಲೇ ಆತು" ಎಂದು ಹಾಜಿರಾಬಿ ಗೋಡೆಗೆ ಹಣೆ ಹಚ್ಚಿದಳು.

ಕೂಸಿನ ಪಕ್ಕದಲ್ಲಿ ಕೂತಿದ್ದ ಫರ್ಹಾನಾ ಮೆಲ್ಲಗೆ ಅಂದಳು, "ನಿಮ್ಮ ಒಬ್ಬರ ಕೈಲೇ ಅಲ್ಲಮ್ಮಾ. ಬಸದ ಬ್ಯಾಳಿ ಬುತ್ತಿ ಕಟಗೊಂಡು ಹೋಗಿ ಉಂಡಾಕಿ ನಾನು."

ಅಜ್ಜಿಯರೇ, ತಾಯಂದಿರೇ, ಇಂದು ನಿಮ್ಮ ಮನೆಯ ಕೂಸೂ ಉಣ್ಣಲು ಕೂತಿದೆ. ಬೇಳೆ ಬಸಿಯಬೇಡಿ. ಹಿಸುಕಿ ಅನ್ನಕ್ಕೆ ಕಲಸಿ, ಮೇಲೊಂದು ಚಮಚ ಎಣ್ಣೆ ಬಿಡಿ. ತತ್ತಿಯನ್ನು ದೂರ ಇಡಬೇಡಿ. ತಿಂಗಳಿಗೊಮ್ಮೆ ತೂಕ ಮಾಡಿಸಿ. ಪಾದ ಒತ್ತಿದಾಗ ಕುಣಿ ಬಿದ್ದರೆ ಅಂದೇ ದವಾಖಾನೆಗೆ ಹೋಗಿ. ನಾಳೆ ಎಂದರೆ ತಡವಾದೀತು.