ಡಿಸ್ಕಿನ ಮೇಲಿನ ಸಹಿ

ಹಿಯೆನ್ ಮೇಷ್ಟ್ರಿಗೆ ಅರವತ್ತಮೂರು. ಮೂವತ್ತೊಂದು ವರ್ಷ ಸೈಗಾನಿನ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟು, ನಿವೃತ್ತರಾದ ಮೇಲೂ ಓಣಿಯವರ ತಪ್ಪು ತಿದ್ದುವ ಚಟ ಬಿಟ್ಟಿರಲಿಲ್ಲ. ತಮ್ಮ ತಪ್ಪು ಮಾತ್ರ ಅವರ ಕಣ್ಣಿಗೆ ಬೀಳುತ್ತಿದ್ದುದು ಅಪರೂಪ. ಅಂಥವರು ಒಂದು ಶನಿವಾರ ಮಧ್ಯಾಹ್ನ, ಊಟದ ಬಟ್ಟಲು ಎತ್ತಿದ ಜಾಗದಲ್ಲೇ ಹಳೇ ಟವೆಲ್ ಹಾಸಿ, ತಮ್ಮ ತೆಳು ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಅದರ ಹೊಟ್ಟೆ ಬಿಚ್ಚಲು ಕುಳಿತರು.

"ಮೀನಿನ ಮುಳ್ಳು ತೆಗೆಯೋಕೆ ಬರಲ್ಲ ನಿಮಗೆ. ಇದಕ್ಕೆ ಕೈ ಹಾಕ್ತೀರಾ?" ಎಂದು ಹೆಂಡತಿ ಲ್ಯೂ ಅಡುಗೆಮನೆಯಿಂದಲೇ ಕೇಳಿದರು.

"ತಾನು ಮಾಡೋದು ಉತ್ತಮ ಕಣೇ. ಆಳು ಮಾಡೋದು ಹಾಳು."

"ಹಾಗಿದ್ರೆ ಇಷ್ಟು ವರ್ಷ ಐದಣ್ಣನ ಅಂಗಡಿಗೆ ಯಾಕೆ ಹೊತ್ಕೊಂಡು ಹೋಗ್ತಿದ್ರಿ?"

ಮೇಷ್ಟ್ರು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಐದಣ್ಣ ಎಂದರೆ ಅವರ ಗೆಳೆಯ ಥಾನ್. ಮನೆಯಲ್ಲಿ ಎಷ್ಟನೆಯವನಾಗಿ ಹುಟ್ಟಿದ ಎಂಬ ಲೆಕ್ಕದ ಹೆಸರೇ ಅವನಿಗೆ ಸಂತೆಯಲ್ಲೆಲ್ಲ ನಿಂತುಬಿಟ್ಟಿತ್ತು. ಸೈಗಾನಿನ ಹತ್ತನೇ ಜಿಲ್ಲೆಯ ಎಲೆಕ್ಟ್ರಾನಿಕ್ಸ್ ಸಂತೆಯಲ್ಲಿ ಅವನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ತಾಯಿಯ ತಿಥಿಗೆಂದು ಬೆನ್ ತ್ರೆ ಕಡೆ ಹೋದವನು ವಾರವಾದರೂ ಬಂದಿರಲಿಲ್ಲ. ಫೋನ್ ಮಾಡಿದರೆ, "ನಾನು ಬರೋವರೆಗೂ ಮುಟ್ಟಬೇಡ ಮೇಷ್ಟ್ರೇ. ಪೇಪರಿನ ಹಾಗಿದೆ ಆ ಮಷೀನು, ಒಂದು ಕಡೆ ಜಾರಿದ್ರೆ ಮುಗೀತು" ಎಂದಿದ್ದ. ಆದರೆ ಡಿಸ್ಕ್ ಕಂಠಮಟ್ಟ ತುಂಬಿ, ಒಂದು ಹೊಸ ಕಡತಕ್ಕೂ ಜಾಗವಿಲ್ಲದೆ, ದಿನಾ ಬೆಳಿಗ್ಗೆ ಕೆಂಪು ಗೆರೆ ತೋರಿಸಿ ಕಾಡುತ್ತಿತ್ತು. ಬೇರೆ ಅಂಗಡಿಯ ಹುಡುಗಿ, "ತಾತ, ಇದಕ್ಕೆ ಮೆಕ್ಯಾನಿಕ್ ಬೇಕಾ? ಸ್ಕ್ರೂ ಬಿಚ್ಚಿ, ಹಳೇದು ತೆಗೆದು, ಹೊಸದು ಸಿಕ್ಕಿಸಿ. ಅನ್ನ ಬೇಯೋದಕ್ಕೆ ಮುಂಚೆ ಮುಗಿಯುತ್ತೆ" ಎಂದು ದೊಡ್ಡ ಡಿಸ್ಕೊಂದನ್ನು ಕೈಗಿತ್ತಿದ್ದಳು. ಡಿಸ್ಕ್ ಎನ್ನುವುದು ಹೆಸರಿಗೆ. ಬೆರಳುದ್ದದ ಹಸಿರು ಪಟ್ಟಿ, ಅದರ ಮೇಲೆ ನಾಲ್ಕು ಕಪ್ಪು ಚೌಕ. ಹಳೆಯದರಲ್ಲಿ ಇದ್ದುದನ್ನೆಲ್ಲ ಬೆಳಿಗ್ಗೆಯೇ ಕೇಬಲ್ ಹಾಕಿ ಹೊಸದಕ್ಕೆ ನಕಲು ಮಾಡಿಯಾಗಿತ್ತು. ಇನ್ನು ಅದಲುಬದಲು ಮಾಡುವುದಷ್ಟೇ ಬಾಕಿ.

ನಕಲು ಮಾಡಲು ಅಲ್ಲಿ ಇದ್ದುದಾದರೂ ಏನು? ಹೇಳಿಕೊಳ್ಳುವಂಥದ್ದೇನೂ ಇಲ್ಲ. ಇರಬೇಕಾದದ್ದು ನಾಲ್ಕು ವರ್ಷದ ಹಿಂದೆಯೇ ಹೋಗಿತ್ತು.

ಹನ್ನೊಂದು ವರ್ಷ ಮೇಷ್ಟ್ರು ರಜೆ ಸಿಕ್ಕಾಗಲೆಲ್ಲ ಮೋಟಾರುಬೈಕು ಹತ್ತಿ ಮೆಕಾಂಗ್ ನದಿಯ ಕವಲುಗಳ ಊರೂರು ತಿರುಗಿದ್ದರು. ದೋಣಿಗೆ ಹುಟ್ಟು ಹಾಕುತ್ತಾ ಹಿಂದಿನವರು ಹಾಡುತ್ತಿದ್ದ ಕೂಗುಹಾಡುಗಳನ್ನು ಅರವತ್ತನಾಲ್ಕು ಮುದುಕ ಮುದುಕಿಯರ ಬಾಯಿಂದ ಹಾಡಿಸಿ ಧ್ವನಿಮುದ್ರಿಸಿದ್ದರು. ಇನ್ನೊಂದು ಪ್ರತಿ ಮಾಡಿಡಿ ಎಂದು ಮಗಳು ಉಯೆನ್ ಬಡಿದುಕೊಂಡರೆ, "ಪ್ರತಿ ಮಾಡಿದ್ರೆ ಯಾರೋ ತಗೊಂಡು ತಮ್ಮ ಹೆಸರು ಹಾಕ್ಕೋತಾರೆ" ಎನ್ನುತ್ತಿದ್ದರು. ಹಾಡೆಲ್ಲ ಇದ್ದುದು ಇದೇ ಲ್ಯಾಪ್‌ಟಾಪಿನಲ್ಲಿ. ಇದು ಉಯೆನ್ ತನ್ನ ಮೊದಲ ಸಂಬಳಗಳನ್ನು ಕೂಡಿಸಿ ಅಪ್ಪನಿಗೆ ತಂದುಕೊಟ್ಟದ್ದು. ಅದರ ಮೇಲೆ ಒಂದು ದಿನ ಐಸ್ ಹಾಕಿದ ಹಾಲುಕಾಫಿಯ ಲೋಟ ಉರುಳಿಸಿದವಳೂ ಅವಳೇ.

ಆಮೇಲೆ ಆದದ್ದನ್ನು ಮೇಷ್ಟ್ರು ಯಾರಿಗೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ರಿಪೇರಿಗೆಂದು ಥಾನ್ ಅಂಗಡಿಗೆ ಕೊಟ್ಟು, ಡಿಸ್ಕ್ ಸತ್ತಿತು ಎಂದು ಅಲ್ಲಿಂದ ತಿಳಿದು ಬಂದ ದಿನ ಅವರು ಬಾಗಿಲಲ್ಲಿ ನಿಂತು, ಓಣಿಯೆಲ್ಲ ಕೇಳುವಂತೆ, "ಅಷ್ಟು ಜನ ಮುದುಕರನ್ನ ಒಂದು ಲೋಟ ಕಾಫೀಲಿ ಕೊಂದ್ಯಲ್ಲೇ" ಎಂದರು. ಆಮೇಲೆ ಏಳು ತಿಂಗಳು ಅವಳೊಡನೆ ಮಾತಿಲ್ಲ. ಒಂದೇ ಮನೆ, ಒಂದೇ ಅನ್ನದ ಪಾತ್ರೆ, ಮಾತಿಲ್ಲ. ಎಂಟನೇ ತಿಂಗಳು ಅವಳು ಕಾನ್ ಥೊ ಊರಿಗೆ ಕೆಲಸ ಹುಡುಕಿಕೊಂಡು ಹೋದಳು. ಅಲ್ಲೇ ಮದುವೆಯಾದಳು. ಮದುವೆಯಲ್ಲಿ ಅಪ್ಪನ ಕುರ್ಚಿ ಖಾಲಿಯಿತ್ತು. ಮೊಮ್ಮಗಳಿಗೆ ಈಗ ಎರಡು ತುಂಬಿದೆ. ಮೇಷ್ಟ್ರು ಅವಳನ್ನು ನೋಡಿರುವುದು ಲ್ಯೂ ಅವರ ಫೋನಿನ ಪರದೆಯಲ್ಲಿ ಮಾತ್ರ, ಅದೂ ಕಳ್ಳತನದಲ್ಲಿ.

ಈಗ ಮೇಷ್ಟ್ರು ಹತ್ತು ಸ್ಕ್ರೂಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಟವೆಲಿನ ಮೇಲೆ ಇಟ್ಟರು. ಎರಡು ಸ್ಕ್ರೂ ರಬ್ಬರ್ ಕಾಲಿನಡಿ ಅಡಗಿದ್ದವು. ಹಳೇ ಬ್ಯಾಂಕ್ ಕಾರ್ಡೊಂದನ್ನು ಅಂಚಿಗೆ ತೂರಿಸಿ ಸುತ್ತಲೂ ಎಬ್ಬಿಸಿದಾಗ ಮುಚ್ಚಳ ಟಕ್ ಟಕ್ ಎಂದು ಬಿಟ್ಟುಕೊಂಡಿತು. ಬ್ಯಾಟರಿಯ ತಂತಿಯನ್ನು ಉಗುರಿನಿಂದ ಎಳೆದು ಬೇರ್ಪಡಿಸಿದರು. ಡಿಸ್ಕಿನ ತಲೆಯ ಮೇಲಿದ್ದ ಒಂದೇ ಒಂದು ಸ್ಕ್ರೂ ತೆಗೆದಾಗ ಅದು ತಾನಾಗಿ ಓರೆಯಾಗಿ ಮೇಲೆದ್ದಿತು. ಮೇಷ್ಟ್ರಿಗೆ ಖುಷಿಯಾಯಿತು. ಹೆಂಡತಿಯನ್ನು ಕರೆದು ತೋರಿಸಬೇಕು ಎನ್ನುವಷ್ಟರಲ್ಲಿ ಡಿಸ್ಕಿನ ಮೇಲಿನ ಬಿಳಿ ಚೀಟಿ ಕಣ್ಣಿಗೆ ಬಿತ್ತು.

ಚೀಟಿಯ ಮೇಲೆ ನೀಲಿ ಮಾರ್ಕರಿನಲ್ಲಿ ಯಾರದೋ ಸಹಿ. ಕೆಳಗೆ ತಾರೀಖು. ಆ ತಾರೀಖು, ಸತ್ತದ್ದರ ಬದಲಿಗೆ ಈ ಡಿಸ್ಕನ್ನು 'ಹೊಚ್ಚ ಹೊಸದು' ಎಂದು ಥಾನ್ ಹಾಕಿಕೊಟ್ಟ ದಿನಕ್ಕಿಂತ ಏಳು ತಿಂಗಳು ಹಿಂದಿನದು.

ಆ ಸಹಿ ಏನೆಂದು ಸೈಗಾನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರಿಪೇರಿಗೆ ಮಷೀನು ಬಿಡುವವರು, ಅಂಗಡಿಯವನು ಮುಚ್ಚಳ ಬಿಚ್ಚಿದ ಕೂಡಲೇ ಮಾರ್ಕರ್ ಇಸಿದುಕೊಂಡು ಒಳಗಿನ ಒಂದೊಂದು ಭಾಗದ ಮೇಲೂ ಸಹಿ ಗೀಚುತ್ತಾರೆ. ವಾಪಸು ತೆಗೆದುಕೊಳ್ಳುವಾಗ ಮತ್ತೆ ಬಿಚ್ಚಿಸಿ ತಮ್ಮ ಸಹಿ ಇದೆಯೇ ನೋಡಿಕೊಳ್ಳುತ್ತಾರೆ. ಒಳ್ಳೆಯದನ್ನು ಕಿತ್ತುಕೊಂಡು ಕೆಟ್ಟದ್ದನ್ನು ತುರುಕುವ ಅಂಗಡಿಗಳು ಅಷ್ಟಿವೆ. ಅಂಗಡಿಯವನಿಗೂ ಬೇಸರವಿಲ್ಲ, ಗಿರಾಕಿಗೂ ನಾಚಿಕೆಯಿಲ್ಲ. ಅಂದರೆ ಈ ಡಿಸ್ಕು ಹಿಂದೆ ಇನ್ನೊಬ್ಬರ ಮಷೀನಿನ ಹೊಟ್ಟೆಯಲ್ಲಿತ್ತು.

ಮೇಷ್ಟ್ರು ಸಹಿ ಹಾಕಿರಲಿಲ್ಲ. ಕಾಫಿ ಬಿದ್ದ ಮಷೀನನ್ನು ಥಾನ್ ಅಂಗಡಿಗೆ ಬಿಟ್ಟ ದಿನ ಉಯೆನ್ ಜೊತೆಗೆ ಬಂದಿದ್ದಳು, ಮೇಜಿನ ಮೇಲಿದ್ದ ಮಾರ್ಕರಿಗೆ ಕೈ ಹಾಕಿದ್ದಳು. ಇವರು ಅವಳ ಕೈಯಿಂದ ಕಿತ್ತುಕೊಂಡು, "ನನ್ನ ಮಾನ ಕಳೀತೀಯಾ? ಯುದ್ಧ ಮುಗಿದ ಮೇಲೆ ಇವನೂ ನಾನೂ ಒಂದೇ ಸೊಳ್ಳೆಪರದೇಲಿ ಮಲಗಿ ಕಾಲುವೆ ಅಗೆದೋರು" ಎಂದು ಬೈದಿದ್ದರು. ಥಾನ್ ನಗುತ್ತಾ, "ಹಾಕ್ಲಿ ಬಿಡೋ, ಎಲ್ಲಾರೂ ಹಾಕ್ತಾರೆ" ಎಂದಿದ್ದ. ಇವರು ಬಿಡಲಿಲ್ಲ.

ಲ್ಯೂ ಕೈ ಒರೆಸಿಕೊಳ್ಳುತ್ತಾ ಬಂದು ಗಂಡನ ಮುಖ ನೋಡಿದರು, ಆಮೇಲೆ ಡಿಸ್ಕ್ ನೋಡಿದರು. ಓದು ಕಡಿಮೆಯಾದರೂ ಅವರಿಗೆ ಬೇಗ ಹೊಳೆಯುತ್ತಿತ್ತು.

"ಹಾಗಾದ್ರೆ ನಮ್ಮದು ಸತ್ತೇ ಇರ್ಲಿಲ್ವೇನೋ."

"ಸುಮ್ನಿರು. ಕೇಳದೆ ಏನೂ ಹೇಳಕ್ಕಾಗಲ್ಲ."

"ಈಗ ಕೇಳಬೇಕು ಅನ್ನಿಸ್ತಾ? ಅವತ್ತು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ಲ, ಅವತ್ತು ಕೇಳ್ಬೇಕಿತ್ತು" ಎಂದು ಲ್ಯೂ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಥಾನ್ ಅಂಗಡಿ ತೆರೆದದ್ದು ಮಂಗಳವಾರ. ಮೂರು ದಿನ ಮೇಷ್ಟ್ರು ಬಾಯಿಗೆ ಅನ್ನ ಇಟ್ಟರೂ ರುಚಿ ಹತ್ತಲಿಲ್ಲ. ಸಹಿಗೆ ಬೇರೆ ಏನಾದರೂ ಅರ್ಥವಿರಲಿ ಎಂದು ಮನಸ್ಸಿನಲ್ಲೇ ಗೆಳೆಯನ ಪರವಾಗಿ ವಾದ ಮಾಡಿದರು. ಮಗಳ ಪರವಾಗಿ ಒಂದು ದಿನವೂ ಮಾಡದ ವಾದವನ್ನು ಅವನಿಗಾಗಿ ಮೂರು ದಿನ ಮಾಡಿದರು.

ಥಾನ್ ಊರಿಂದ ತಂದ ತೆಂಗಿನ ಮಿಠಾಯಿಯ ಪೊಟ್ಟಣವನ್ನು ಮುಂದಿಟ್ಟು, "ಕೂತ್ಕೋ ಮೇಷ್ಟ್ರೇ, ನಿನಗೇ ಅಂತ ತಂದೆ" ಎಂದ. ಮೇಷ್ಟ್ರು ಪೊಟ್ಟಣದ ಪಕ್ಕದಲ್ಲಿ ಡಿಸ್ಕ್ ಇಟ್ಟರು. ಥಾನ್ ಅದನ್ನು ಮುಟ್ಟಲಿಲ್ಲ.

"ಯಾರು ಬಿಚ್ಚಿದ್ದು?"

"ನಾನೇ."

"ಬಿಚ್ಚಬೇಡ ಅಂದಿದ್ನಲ್ಲ."

"ಇದಕ್ಕೇ ಅಂದಿದ್ಯೇನೋ?" ಮೇಷ್ಟ್ರು ನಿಂತೇ ಇದ್ದರು. "ನನ್ನ ಡಿಸ್ಕ್ ಸತ್ತಿತ್ತಾ? ಇಲ್ವಾ? ಒಂದೇ ಮಾತು ಹೇಳು."

ಥಾನ್ ಎದ್ದು ಫ್ಯಾನ್ ತಿರುಗಿಸಿ, ಮತ್ತೆ ಬಂದು ಕುಳಿತ. ಸುಳ್ಳು ಹೇಳುವ ವಯಸ್ಸು ದಾಟಿತ್ತೋ, ಹೇಳಿ ಪ್ರಯೋಜನವಿಲ್ಲ ಎನ್ನಿಸಿತೋ.

"ಸತ್ತಿರ್ಲಿಲ್ಲ. ಕೀಬೋರ್ಡ್ ಹೋಗಿತ್ತು, ಕರೆಂಟಿನ ಚಿಪ್ ಒಂದು ಸುಟ್ಟಿತ್ತು. ಡಿಸ್ಕಿಗೆ ಹನಿ ಕೂಡ ತಾಗಿರ್ಲಿಲ್ಲ. ಆ ವರ್ಷ ನಿನಗೇ ಗೊತ್ತಲ್ಲ, ಕೊರೋನಾಕ್ಕೆ ಊರೇ ಬಾಗಿಲು ಹಾಕಿತ್ತು, ಕೈಯಲ್ಲಿ ಕಾಸಿರ್ಲಿಲ್ಲ. ದೊಡ್ಡ ಡಿಸ್ಕ್ ಬೇಕು ಅಂತ ಒಬ್ಬ ಗಿರಾಕಿ ಕಾಯ್ತಿದ್ದ. ನಿನ್ನದನ್ನ ಅಳಿಸಿ ಅವನಿಗೆ ಕೊಟ್ಟುಬಿಟ್ಟೆ."

"ಈ ಸಹಿ ಹಾಕಿದವನಿಗೂ ಹೀಗೇ ಮಾಡಿದ್ಯಾ?"

"ಇಲ್ಲಪ್ಪ. ಅವನು ಮಷೀನ್ ಬಿಟ್ಟು ಹೋದವನು ತಿರುಗಿ ಬರಲೇ ಇಲ್ಲ, ಆ ಜಡ್ಡಲ್ಲಿ ಹೋದನೋ ಏನೋ. ಸಹಿ ಇದ್ದೋರದ್ದು ನಾನು ಮುಟ್ಟಲ್ಲ. ಅವರು ಬಂದು ನೋಡ್ತಾರೆ."

ಹೊರಗಿನ ಕಳ್ಳನಾಗಿದ್ದರೆ ಮೇಷ್ಟ್ರು ಬೈಯಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಒಳಗೇನಿತ್ತು ಅಂತ ಗೊತ್ತಿತ್ತೇನೋ?"

"ಆಣೆ ಮಾಡ್ತೀನಿ, ಗೊತ್ತಿರ್ಲಿಲ್ಲ. ದಿನಾ ಹತ್ತು ಜನ ಬಂದು 'ನನ್ನ ಜೀವ ಎಲ್ಲಾ ಇದರಲ್ಲೇ ಇದೆ' ಅಂತಾರೆ. ನೋಡಿದ್ರೆ ಸಿನಿಮಾ, ನಾಯಿಮರಿ ಫೋಟೋ. ಮೂರನೇ ದಿನ ನೀನು ಬಂದು ಕಣ್ಣಲ್ಲಿ ನೀರು ಹಾಕಿದಾಗಲೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಕೈ ಮೀರಿತ್ತು."

"ಮತ್ತೆ ಕಾಫಿಯಿಂದ ಸತ್ತಿತು ಅಂದೆ. ನನ್ನ ಮಗಳ ತಲೆಗೆ ಕಟ್ಟಿದೆ."

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಥಾನ್ ಈಗ ಮುಖ ಎತ್ತಿದ.

"ಅದನ್ನ ಮಾತ್ರ ನನ್ನ ಮೇಲೆ ಹಾಕಬೇಡ. ನೆನಪು ಮಾಡ್ಕೋ. ನೀನು ಬಂದೋನು ಡಿಸ್ಕ್ ಹೇಗಿದೆ ಅಂತ ಕೇಳಲಿಲ್ಲ. 'ಹುಡುಗಿ ಕಾಫಿ ಚೆಲ್ಲಿ ಕೊಂದಳು, ಅಲ್ವೇನೋ' ಅಂತ ಕೇಳಿದೆ. ನಾನು ತಲೆ ಆಡಿಸಿದೆ, ಅಷ್ಟೇ. ಉತ್ತರ ನೀನೇ ತಂದಿದ್ದೆ."

ಮೇಷ್ಟ್ರಿಗೆ ನೆನಪಿತ್ತು. ಇಲ್ಲ ಎಂದುಕೊಳ್ಳಲು ನೋಡಿದರು, ಆಗಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ತಪ್ಪಿತಸ್ಥರು ಯಾರೆಂದು ತೀರ್ಮಾನಿಸಿಕೊಂಡು ಬಂದಿದ್ದರು, ತರಗತಿಯಲ್ಲಿ ಗದ್ದಲವಾದಾಗ ನೋಡದೆಯೇ ಒಬ್ಬನ ಹೆಸರು ಕರೆಯುತ್ತಿದ್ದ ಹಾಗೆ. ಡಿಸ್ಕನ್ನು ಅಲ್ಲೇ ಬಿಟ್ಟು ಹೊರಟರು. ಥಾನ್ ಹಿಂದಿನಿಂದ ಕರೆದ. ಇವರು ತಿರುಗಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದರು, ಥಾನ್ ಆಡಿದ ಕೊನೆಯ ಮಾತೊಂದನ್ನು ಬಿಟ್ಟು. ಲ್ಯೂ ಫೋನ್ ತೆಗೆದು ಮಗಳ ನಂಬರ್ ಒತ್ತಿ, "ನಿಮ್ಮಪ್ಪ ಮಾತಾಡ್ತಾರಂತೆ" ಎಂದು ಗಂಡನ ಕೈಗೆ ತುರುಕಿದರು.

"ಹೇಳಿ ಅಪ್ಪ." ನಾಲ್ಕು ವರ್ಷದ ಮೇಲೆ ತಮ್ಮನ್ನು ಕರೆದ ಧ್ವನಿ. ಕೊಂಚ ದಪ್ಪವಾಗಿತ್ತು. ಹಿಂದೆ ಮಗುವೊಂದು ಪಾತ್ರೆ ಬಡಿಯುತ್ತಿತ್ತು.

ಮೇಷ್ಟ್ರು ಶುರು ಮಾಡಿದರು. ಡಿಸ್ಕ್ ಬಿಚ್ಚಿದ್ದು, ಸಹಿ ಸಿಕ್ಕಿದ್ದು, ಥಾನ್ ಒಪ್ಪಿಕೊಂಡದ್ದು. ಹೇಳುತ್ತಾ ಹೇಳುತ್ತಾ ಧ್ವನಿ ಏರಿತು. ಅವನಿಗೆ ಏನೇನು ಮಾಡಿದ್ದೆ, ಅವನ ಮಗನನ್ನು ಶಾಲೆಗೆ ಸೇರಿಸಿದವನು ನಾನು, ನಲವತ್ತು ವರ್ಷದ ಸ್ನೇಹ, ನಾಯಿಗಿರುವ ನಿಯತ್ತೂ ಇಲ್ಲವಲ್ಲ ಎಂದೆಲ್ಲ ಹೇಳಿದರು. ಇವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಉಯೆನ್ ಕೇಳಿದಳು.

"ಡಿಸ್ಕಿಗೆ ಏನೂ ಆಗಿಲ್ಲ, ಕಾಫಿ ಅಲ್ಲೀವರೆಗೂ ಹೋಗಿಲ್ಲ, ಇನ್ನೊಂದು ಅಂಗಡೀಲಿ ತೋರಿಸೋಣ ಅಂತ ನಾನು ಅವತ್ತೇ ಹೇಳಿದ್ದೆ. ನೆನಪಿದೆಯಾ?"

"ನಿನಗೆ ಹೇಗೆ ಗೊತ್ತಾಗ್ಬೇಕು ಅಂದ್ಕೊಂಡೆ."

"'ತಪ್ಪು ಮುಚ್ಕೊಳ್ಳೋಕೆ ಐದನೇ ಮಾಮನ್ನ ಕಳ್ಳ ಅಂತೀಯಾ' ಅಂದ್ರಿ. ಅಮ್ಮ ಪಕ್ಕದಲ್ಲೇ ಇದ್ರು."

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಅವನು ಹೀಗೆ ಮಾಡ್ತಾನೆ ಅಂತ ಯಾರಿಗೆ ಗೊತ್ತಿತ್ತಮ್ಮ. ಅಷ್ಟು ನಂಬಿಸಿ ಅವನು..."

"ಅಪ್ಪ, ಒಂದು ನಿಮಿಷ." ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಸಲೀಸಾಗುತ್ತಿತ್ತು. "ನೀವು ನನ್ನ ಹತ್ರ ಕ್ಷಮೆ ಕೇಳೋಕೆ ಫೋನ್ ಮಾಡಿದ್ದೋ, ಮಾಮನ ಮೇಲೆ ದೂರು ಹೇಳೋಕೆ ಮಾಡಿದ್ದೋ?"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಬರಲಿ ಬಿಡಲಿ, ಕೊಯ್ದವನು ಒಂದು ಮಾತಾದರೂ ಆಡಬೇಕಲ್ಲ. ಮೇಷ್ಟ್ರು ಬಾಯಿ ತೆರೆದರು. ಮೂವತ್ತೊಂದು ವರ್ಷ ಪಾಠ ಹೇಳಿದ ಬಾಯಿ, ತನಗಿಂತ ಚಿಕ್ಕವರ ಮುಂದೆ ಒಂದು ದಿನವೂ ತಪ್ಪಾಯಿತು ಎಂದದ್ದಿಲ್ಲ. ಲ್ಯೂ ಎದುರಿಗೆ ನಿಂತು, ಹೇಳಿ ಹೇಳಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದರು. ಆ ಕಡೆ ಉಯೆನ್ ಕಾಯುತ್ತಿದ್ದಳು. ಅವಳು ಕಾಯುತ್ತಿದ್ದಾಳೆ ಎಂದು ಅವರಿಗೆ ಗೊತ್ತಿತ್ತು.

"ಅವನು ಹೀಗೆ ಮಾಡಬಾರದಿತ್ತು" ಎಂದರು.

"ಸರಿ ಅಪ್ಪ" ಎಂದಳು ಉಯೆನ್. "ಅಮ್ಮನಿಗೆ ಕೊಡಿ."