ಖಾದರ್ ಸಾಬರ ದೇಗಿಗೊಂದು ಗಿಡ

ಈ ಕಥೆಯನ್ನು ಬೈಯಪ್ಪನಹಳ್ಳಿಯ ನರ್ಸರಿಯವರು ಒಂದು ಬಗೆಯಲ್ಲಿ ಹೇಳುತ್ತಾರೆ, ಕಾಕ್ಸ್ ಟೌನಿನ ಹೆಂಗಸರು ಇನ್ನೊಂದು ಬಗೆಯಲ್ಲಿ. ಸತ್ತ ಗಿಡಗಳು ಮೂರು ಎನ್ನುವವರಿದ್ದಾರೆ, ಐದು ಎನ್ನುವವರೂ ಇದ್ದಾರೆ. ಭಾನುವಾರದ ಗಡುವಿನ ವಿಷಯದಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಶಿವಾಜಿನಗರದ ಮದುವೆಗಳಿಗೆ ನಲವತ್ತು ವರ್ಷ ಬಿರಿಯಾನಿ ಬೇಯಿಸಿದ ಖಾದರ್ ಸಾಬರು ತೀರಿಕೊಂಡಾಗ, ಅವರ ಕೈಗುರುತು ಎಂದು ಹೆಂಡತಿ ಆಬಿದಾಗೆ ಉಳಿದದ್ದು ಒಂದು ದೇಗು. ಒಬ್ಬರ ತೋಳಿಗೆ ನಿಲುಕದಷ್ಟು ಅಗಲದ, ಸೊಂಟದೆತ್ತರದ ತಾಮ್ರದ ಹಂಡೆ. ಕಾಕ್ಸ್ ಟೌನಿನ ಹಳೆಯ ಮನೆ ಕೆಡವಿ ಫ್ಲ್ಯಾಟು ಕಟ್ಟಿದಾಗ ಆಕೆಯ ಪಾಲಿಗೆ ಬಂದ ನೆಲಮಹಡಿಯ ಮನೆಯ ಬಾಗಿಲಲ್ಲಿ ಅದು ತೂರಲಿಲ್ಲ. ಗೇಟಿನ ಬಳಿ ಬಾಯಿ ತೆರೆದು ನಿಂತಿತು. ಮಳೆನೀರು ತುಂಬಿತು, ಸೊಳ್ಳೆ ಮೊಟ್ಟೆಯಿಟ್ಟಿತು.

ಮೂರನೆಯ ಮಹಡಿಯ ಧನಲಕ್ಷ್ಮಿ ಫ್ಲ್ಯಾಟಿನವರ ಅಸೋಸಿಯೇಷನ್ನಿಗೆ ಕಾರ್ಯದರ್ಶಿ, ಜಗಳಗಂಟಿಯಲ್ಲ. ಆದರೂ ಗುರುವಾರ ಬಂದು ಹೇಳಲೇಬೇಕಾಯಿತು. "ಆಂಟಿ, ಬೇಜಾರ್ ಮಾಡ್ಕೋಬೇಡಿ. ಎದುರು ಮನೆ ಮಗೂಗೆ ಡೆಂಗಿ ಬಂದಿದೆ. ಗಿಡ ಬೆಳೆಸಿದ್ರೆ ಇಟ್ಕೊಳ್ಳಿ ಅಂದು ಎರಡ್ ತಿಂಗಳಾಯ್ತು. ಭಾನುವಾರದೊಳಗೆ ಹಸಿರು ಕಾಣ್ಲಿಲ್ಲ ಅಂದ್ರೆ ಗುಜರಿಯವ್ನಿಗೆ ಕೊಡೋದೇ ಅಂತ ಎಲ್ಲಾ ಸೇರಿ ಬರ್ಕೊಂಡ್ಬಿಟ್ಟಿದ್ದಾರೆ."

ಆಬಿದಾ ಸುಮ್ಮನೆ ಕೂತಿರಲಿಲ್ಲ. ಮೊದಲು ಪುದೀನ ನೆಟ್ಟಳು, ಆಮೇಲೆ ಗುಲಾಬಿ, ಆಮೇಲೆ ದಾಸವಾಳ. ಪ್ರತಿ ಸಲವೂ ಮದುವೆಯ ಹಿಂದಿನ ದಿನ ಅತ್ತೆ ಮಾಡಿಸುತ್ತಿದ್ದಂತೆಯೇ ಹುಣಸೆಹಣ್ಣು, ಉಪ್ಪು ಹಾಕಿ ದೇಗಿನ ಒಳಮೈಯನ್ನು ಫಳಫಳ ಹೊಳೆಯುವಂತೆ ಉಜ್ಜಿ, ಆಮೇಲೆಯೇ ಮಣ್ಣು ತುಂಬಿದಳು. ಪ್ರತಿ ಸಲವೂ ಎಲೆ ಹಳದಿಯಾಯಿತು.

ಶುಕ್ರವಾರ ಒಣಗಿದ ದಾಸವಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟೊ ಹತ್ತಿ ಬೈಯಪ್ಪನಹಳ್ಳಿಗೆ ಹೋದಳು. ನರ್ಸರಿಯ ಮುನಿಆಂಜನಪ್ಪನ ಮನೆತನ ಆ ಸೀಮೆಯಲ್ಲಿ ತಲೆತಲಾಂತರದಿಂದ ಸೊಪ್ಪು ಬೆಳೆದದ್ದು. ಆತ ಬೇರನ್ನು ತಿರುಗಿಸಿ ನೋಡಿದ, ದೇಗಿನ ವಿಚಾರವನ್ನೆಲ್ಲ ಕೇಳಿದ.

"ಆಪಾ, ಇದು ತಾನಾಗೇ ಸತ್ತಿದ್ದಲ್ಲ. ನೀವೇ ಕೊಂದಿದ್ದೀರಾ."

"ನಾನಾ? ಮಗು ಥರ ನೋಡ್ಕೊಂಡೆನಣ್ಣಾ!"

"ಅದೇ ತಪ್ಪು. ಒಳಗಿನ ತವರದ ಕಲಾಯಿ ಹೋಗಿರೋ ತಾಮ್ರ. ಹುಳಿ ಉಪ್ಪು ಹಾಕಿ ಉಜ್ಜಿದ್ರೆ ಕಿಲುಬೆಲ್ಲಾ ಬೇರಿಗೆ. ತಳದಲ್ಲಿ ತೂತೂ ಇಲ್ಲ, ನೀರು ಎಲ್ಲಿಗೆ ಹೋಗ್ಬೇಕು, ಹಜ್ಜಿಗಾ?"

ಆಕೆಗೆ ನಗು ಬರಲಿಲ್ಲ. "ತೂತು ಮಾಡಿದ್ರೆ ಮತ್ತೆ ಅದ್ರಲ್ಲಿ ಅನ್ನ ಬೇಯಲ್ಲ."

"ಸರಿ, ಮಾಡ್ಬೇಡಿ. ಅದ್ರೊಳಗೆ ಒಂದ್ ಪ್ಲಾಸ್ಟಿಕ್ ಟಬ್ ಇಳಿಸ್ಬಿಡಿ. ಗಿಡ ಟಬ್ಬಲ್ಲಿ, ಶೋಕಿ ದೇಗಲ್ಲಿ. ಯಾರಿಗ್ ಗೊತ್ತಾಗತ್ತೆ?"

ಆ ಮಾತಿಗೆ ಆಬಿದಾಳ ಮುಖ ಬಿಳಿಚಿಕೊಂಡಿತು. ಬಾಣಸಿಗರಲ್ಲಿ ಒಂದು ಕೆಟ್ಟ ಚಾಳಿಯಿದೆ: ದೇಗಿನ ತಳದಲ್ಲಿ ಇನ್ನೊಂದು ಪಾತ್ರೆಯನ್ನು ಬೋರಲು ಹಾಕಿ, ಮೇಲೆ ಅನ್ನ ಹರಡಿ, ತುಂಬಿದ ದೇಗೆಂದು ತೋರಿಸುವುದು. ಹಾಗೆ ಮಾಡಿದವನ ಕೈಯ ಅನ್ನವನ್ನು ಖಾದರ್ ಸಾಬರು ಮುಟ್ಟುತ್ತಿರಲಿಲ್ಲ. ಸಾಯುವ ವಾರವೂ, "ನನ್ನ ದೇಗೊಳಗೆ ಇನ್ನೊಂದು ಪಾತ್ರೆ ಹೋಗಿಲ್ಲ" ಎಂದಿದ್ದರು. ಆಕೆ ಬರಿಗೈಯಲ್ಲಿ ಹಿಂತಿರುಗಿದಳು.

ಶನಿವಾರ ಶಿವಾಜಿನಗರದಲ್ಲಿ ಕಲಾಯಿಯವನನ್ನು ಹುಡುಕಿದಳು. ಒಬ್ಬನ ಅಂಗಡಿ ಮೊಬೈಲ್ ಕವರಿನ ಅಂಗಡಿಯಾಗಿತ್ತು. ಇನ್ನೊಬ್ಬ, "ಇಷ್ಟು ದೊಡ್ಡದಕ್ಕೆ ಹತ್ತು ದಿನ ಬೇಕು ಅಮ್ಮಾ" ಎಂದ. ಆಕೆಯ ಬಳಿ ಇದ್ದದ್ದು ಒಂದೇ ದಿನ. ಸಂಜೆ ಮಣ್ಣು ತೆಗೆದು ಖಾಲಿ ಮಾಡಿದ ದೇಗಿನೊಳಗೆ ತಲೆಯಿಟ್ಟು, "ಏನ್ ಮಾಡ್ಲಿ ಹೇಳ್ರೀ" ಎಂದು ಕೇಳಿದಳು. ಆಕೆಯ ದನಿಯೇ ಗುಂಯ್ ಎಂದು ಮರಳಿ ಬಂತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗುಜರಿ ಗಾಡಿ ಗೇಟಿಗೆ ಬಂದೇ ಬಿಟ್ಟಿತು. ಇಬ್ಬರು ಹಿಡಿಕೆಗೆ ಕೈ ಹಾಕಿದರು. ಆಬಿದಾ ದೇಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಧನಲಕ್ಷ್ಮಿ, ಒಂದ್ ಗಂಟೆ ಕೊಡಮ್ಮಾ, ನಿನ್ನ ಕಾಲಿಗ್ ಬೀಳ್ತೀನಿ" ಎಂದಳು. ಧನಲಕ್ಷ್ಮಿ ಕಣ್ಣು ತಪ್ಪಿಸಿ ಗಾಡಿಯವರಿಗೆ ಟೀ ಕುಡಿದು ಬರಲು ಹೇಳಿದಳು. ಆಬಿದಾ ಮುನಿಆಂಜನಪ್ಪನಿಗೆ ಫೋನು ಮಾಡಿ, "ಟಬ್ ತನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಆತ ಗೂಡ್ಸ್ ಆಟೊದಲ್ಲಿ ಟಬ್ಬು, ಮಣ್ಣು, ಅರ್ಧ ನರ್ಸರಿಯನ್ನೇ ಹೇರಿಕೊಂಡು ಬಂದ. ತಳಕ್ಕೆ ಇಟ್ಟಿಗೆಯಿಟ್ಟು ಟಬ್ಬು ಇಳಿಸಿ, ಸೊಳ್ಳೆ ನುಗ್ಗದಂತೆ ಸಂದಿಗೆ ತೆಂಗಿನ ನಾರು ತುರುಕಿದ. "ನಡುವೆ ಒಂದು ಎತ್ತರದ್ದು, ಸುತ್ತ ಕುಳ್ಳನೆಯವು, ಅಂಚಿಂದ ಇಳಿಬೀಳೋದು ಒಂದು. ಆರಿಸ್ಕೊಳ್ಳಿ. ಕಣಗಿಲೆ ಹಾಕ್ಲಾ? ಸಾಯೋದೇ ಇಲ್ಲ."

"ಅದು ವಿಷ ಅಣ್ಣಾ."

"ಕ್ರೋಟನ್?"

"ತಿನ್ನಕ್ಕಾಗತ್ತಾ?"

"ಆಪಾ, ಇದು ಶೋ ಗಿಡ!"

"ಬಾಯಿಗೆ ಹಾಕದಿರೋದು ದೇಗಿಗೆ ಬೇಡ. ಅಷ್ಟಾದ್ರೂ ಉಳೀಲಿ."

ಹಾಗೆ ನಡುವೆ ಕರಿಬೇವು ನಿಂತಿತು, ಸುತ್ತ ಪುದೀನ, ಅಂಚಿನಿಂದ ಇಳಿಯಲು ದೊಡ್ಡಪತ್ರೆ. ಗುಜರಿಯವರು ಬಂದು ನೋಡಿ, ಖಾಲಿ ಗಾಡಿ ತಳ್ಳಿಕೊಂಡು ಹೋದರು.

ಗಿಡಗಳು ಚೆನ್ನಾಗಿ ಹತ್ತಿಕೊಂಡವು. ಸಾರಿಗೆ ಒಂದೆಸಳು ಕೀಳಲು ಬಂದವರೆಲ್ಲ ಹೊಗಳುತ್ತಿದ್ದರು. ಹೊಗಳಿದ ಪ್ರತಿಯೊಬ್ಬರಿಗೂ ಆಬಿದಾ, "ಇದು ತುಂಬಿದ ದೇಗಲ್ಲ. ಒಳಗೆ ಟಬ್ಬಿದೆ, ಕೆಳಗೆ ಇಟ್ಟಿಗೆ" ಎಂದು ಹೇಳುತ್ತಿದ್ದಳು. ಕೊರಿಯರ್ ತಂದವನಿಗೂ ಹೇಳಿದಳು.

ಧನಲಕ್ಷ್ಮಿಗೆ ತಡೆಯಲಾಗಲಿಲ್ಲ. "ಯಾಕ್ ಆಂಟಿ ಎಲ್ರಿಗೂ ಹೇಳ್ತೀರಾ? ಯಾರ್ ಕೇಳಿದ್ರು?"

"ಕೇಳೋರು ಹೋಗ್ಬಿಟ್ರಲ್ಲಮ್ಮಾ," ಎಂದು ಆಬಿದಾ ನಾರನ್ನು ಸ್ವಲ್ಪ ಸರಿಸಿ, ನೀಲಿ ಟಬ್ಬಿನ ಅಂಚು ಎಲ್ಲರಿಗೂ ಕಾಣುವಂತೆ ಮಾಡಿದಳು.